ಕೆಂಪೋ ನೀಲಿಯೋ ಅಂತ ಕೇಳೋ ಮೊದಲು

ರೋಹಿಣಿ ಮಳೆ ಹಿಡಿಯೋ ಹೊತ್ತಿಗೆ ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಬಣ್ಣದ ಜಾತ್ರೆಯೇ ನೆರೆದಿರುತ್ತೆ. ನಮ್ಮ ಕಡೆ ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಿಂದ ಜಿಲ್ಲೆಯ ಹೆಸರು ವಿಜಯನಗರ ಅಂತ ಆಯಿತು, ಮಳೆ ನಂಬಿ ಕೂತ ಹೊಲಗಳು ಮಾತ್ರ ಅವೇ. ಅಂಗಡಿ ಮುಂದೆ ನೀಲಿ ಸಲಿಕೆ, ಕೆಂಪು ಗುದ್ದಲಿ, ಹಸಿರು ಹಿಡಿಯ ಕುಡುಗೋಲು, ಹಳದಿ ಸ್ಪ್ರೇಯರ್ ಸಾಲಾಗಿ ನಿಂತಿರುತ್ತವೆ. ಕೊಳ್ಳೋಕೆ ಹೋದವರಿಗೆ ಬರೋ ಮೊದಲ ಪ್ರಶ್ನೆ ಒಂದೇ: “ಯಾವ ಕಲರ್ ಕೊಡ್ಲಿ ಅಣ್ಣಾ?”

ನನ್ನ ತಕರಾರು ಇರೋದು ಈ ಪ್ರಶ್ನೆಯ ಮೇಲೆ. ಅಂಗಡಿಯವನ ಮೇಲಲ್ಲ, ಪಾಪ, ಅವನು ಗಿರಾಕಿ ಕೇಳೋದನ್ನೇ ಕೇಳ್ತಾನೆ. ಸಲಿಕೆಯ ತಗಡು ಎಷ್ಟು ದಪ್ಪ, ಬೆಸುಗೆ ಎಲ್ಲಿ ಬಿದ್ದಿದೆ, ಅಂಚಿಗೆ ಹದ ಕೊಟ್ಟಿದ್ದಾರೋ ಇಲ್ಲವೋ ಅನ್ನೋ ಮಾತುಗಳೆಲ್ಲ ಹಿಂದಕ್ಕೆ ಸರಿದು, ಕೆಂಪೋ ನೀಲಿಯೋ ಅನ್ನೋದು ಮುಂದಕ್ಕೆ ಬಂದಿದ್ದು ಹೇಗೆ? ಮತ್ತೆ, ನಿಜವಾಗಿ ಬಣ್ಣ ನೋಡಲೇಬೇಕಾದ ಕಡೆ ನಾವು ನೋಡ್ತಾ ಇದ್ದೀವಾ?

ಹಾಗಂತ ನಾನು ಬಣ್ಣದ ವಿರೋಧಿ ಅಲ್ಲ. ಕಾರಹುಣ್ಣಿಮೆ ಮಾಡೋ ಸೀಮೆಯವನು ಬಣ್ಣದ ವಿರೋಧಿ ಆಗೋದಾದರೂ ಹೇಗೆ? ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಓಡಿಸಿದರೇ ಮುಂಗಾರಿಗೆ ಒಂದು ಕಳೆ. ಆದರೆ ಆ ಹಬ್ಬದಲ್ಲಿ ಒಂದು ಕ್ರಮ ಇದೆ ನೋಡಿ. ಎತ್ತು ಕೊಳ್ಳುವಾಗ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಾಲ್ಕು ಹೆಜ್ಜೆ ನಡೆಸಿ ನೋಡ್ತೀವಿ, ಹೆಗಲು ಮುಟ್ಟಿ ನೋಡ್ತೀವಿ. ಕೊಂಬಿಗೆ ಬಣ್ಣ ಬೀಳೋದು ಅದೆಲ್ಲ ಮುಗಿದು, ಎತ್ತು ನಮ್ಮ ಮನೆಯದಾದ ಮೇಲೆ. ಕೊಂಬಿನ ಬಣ್ಣ ಚೆನ್ನಾಗಿದೆ ಅಂತ ಎತ್ತು ಕೊಂಡವರನ್ನು ನಾನು ಕಂಡಿಲ್ಲ. ಅಂಥವನೊಬ್ಬ ಇದ್ದಿದ್ದರೆ ಊರೆಲ್ಲ ಅವನ ಹೆಸರಿಗೆ ಒಂದು ಗಾದೆ ಕಟ್ಟಿರೋದು. ಎತ್ತಿನ ಜಾಗಕ್ಕೆ ಯಂತ್ರ ಬಂತು, ಆ ಕ್ರಮ ತಲೆಕೆಳಗಾಯಿತು. ಈಗ ಬಣ್ಣ ಮೊದಲು, ಹಲ್ಲು ಆಮೇಲೆ.

ಟ್ರ್ಯಾಕ್ಟರನ್ನೇ ತಗೊಳ್ಳಿ. ನಮ್ಮೂರುಗಳಲ್ಲಿ ಕಂಪನಿ ಹೆಸರು ಹೇಳದೆ ಬಣ್ಣ ಹೇಳಿದರೂ ಮಾತು ಮುಟ್ಟುತ್ತೆ. ಹಸಿರು ಅಂದರೆ ಜಾನ್ ಡಿಯರ್, ಕಿತ್ತಳೆ ಅಂದರೆ ಕುಬೋಟಾ, ಕೆಂಪು ಅಂದರೆ ಮಹೀಂದ್ರಾ ಇಲ್ಲವೇ ಮೆಸ್ಸಿ, ನೀಲಿ ಅಂದರೆ ಸೊನಾಲಿಕಾ ಇಲ್ಲವೇ ನ್ಯೂ ಹಾಲೆಂಡ್. ಕಟ್ಟೆ ಮೇಲೆ ಕೂತವರು ಪಾರ್ಟಿ ಕಟ್ಟಿಕೊಂಡ ಹಾಗೆ ಬಣ್ಣ ಕಟ್ಟಿಕೊಂಡು ವಾದ ಮಾಡ್ತಾರೆ. ವಾದ ಮಾಡಲಿ, ಅದೊಂದು ಮೋಜು. ಆದರೆ ಈ ಬಣ್ಣಗಳ ಚರಿತ್ರೆ ನೋಡಿದರೆ ನಗು ಬರುತ್ತೆ.

ಇವತ್ತು ಯಾವ ಬಣ್ಣದ ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತರೂ ನೇಗಿಲು, ಕುಂಟೆ, ರೋಟವೇಟರ್ ಸಿಕ್ಕಿಸೋಕೆ ಮೂರು ತೋಳುಗಳ ಕೊಂಡಿ ಕಾಣುತ್ತೆ. ಹೈಡ್ರಾಲಿಕ್ ಬಲದಿಂದ ಮೇಲೇಳುವ, ಕೆಳಗಿಳಿಯುವ ಈ ಏರ್ಪಾಡನ್ನು ರೂಪಿಸಿದವನು ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗುಸನ್. ನೇಗಿಲು ಟ್ರ್ಯಾಕ್ಟರಿನ ಬಾಲಕ್ಕೆ ಕಟ್ಟಿದ ಬಂಡಿಯಂತೆ ಎಳೆದಾಡೋದು ತಪ್ಪಿ, ಎರಡೂ ಒಂದೇ ಮೈ ಆಗಿ ದುಡಿಯುವಂತಾದದ್ದು ಇದರಿಂದ. ಹಗುರ ಟ್ರ್ಯಾಕ್ಟರೂ ಆಳ ಉಳುಮೆ ಮಾಡೋಕೆ ಆಗಿದ್ದು ಇದರಿಂದಲೇ. 1946ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ಅವನ ಟಿಇ20 ಟ್ರ್ಯಾಕ್ಟರಿನ ಬಣ್ಣ ಏನು ಗೊತ್ತಾ? ಬೂದು. ಒಲೆಯ ಬೂದಿಯಂಥ ಸಪ್ಪೆ ಬೂದು. 1953ರಲ್ಲಿ ಅವನ ಕಂಪನಿ ಕೆನಡಾದ ಮೆಸ್ಸಿ-ಹ್ಯಾರಿಸ್ ಜೊತೆ ಕೂಡಿತು. ಅವರ ಯಂತ್ರಗಳ ಬಣ್ಣ ಕೆಂಪು. ಕೆಂಪು ಉಳಿಯಿತು, ಬೂದು ಹಿಂದೆ ಸರಿಯಿತು. 1960ರಲ್ಲಿ ಶುರುವಾದ ಚೆನ್ನೈನ ಟಾಫೆ ಮೂಲಕ ನಮ್ಮ ಹೊಲಗಳಿಗೆ ಬಂದ ಮೆಸ್ಸಿಯ ಕೆಂಪು ಆ ಕೆಂಪೇ. ಅಂದರೆ ಮೆಚ್ಚಿಕೊಳ್ಳೋ ಬಣ್ಣ ಒಬ್ಬರದು, ಹೊಲ ಉಳೋ ಬುದ್ಧಿ ಬೂದು ಬಣ್ಣದವನದು. ಇವತ್ತು ಆ ಬುದ್ಧಿ ಹಸಿರಿನಲ್ಲೂ ಇದೆ, ನೀಲಿಯಲ್ಲೂ ಇದೆ, ಕಿತ್ತಳೆಯಲ್ಲೂ ಇದೆ.

ಇನ್ನೊಂದು ವಿಚಿತ್ರ ಗಮನಿಸಿ. ಟ್ರ್ಯಾಕ್ಟರನ್ನೋ ರೋಟವೇಟರನ್ನೋ ಬಾಡಿಗೆಗೆ ತರುವಾಗ ಯಾರೂ ಬಣ್ಣ ಕೇಳೋದಿಲ್ಲ. ಕೃಷಿ ಯಂತ್ರಧಾರೆ ಕೇಂದ್ರಕ್ಕೆ ಹೋಗಲಿ, ಪಕ್ಕದ ಓಣಿಯ ಟ್ರ್ಯಾಕ್ಟರಿನವನ ಹತ್ತಿರ ಹೋಗಲಿ, ಕೇಳೋದು ಇಷ್ಟೇ: ಗಂಟೆಗೆ ಎಷ್ಟು, ಡೀಸೆಲ್ ಯಾರದು, ರೋಟವೇಟರಿನ ಬ್ಲೇಡು ಸವೆದಿಲ್ಲ ತಾನೇ, ನಾಳೆ ಬೆಳಿಗ್ಗೆ ಬರ್ತೀಯೋ ಇಲ್ವೋ. ಬಾಡಿಗೆಗೆ ಹೋದಾಗ ಇಷ್ಟು ಚುರುಕಾಗಿರೋ ನಮ್ಮ ಬುದ್ಧಿ, ಲಕ್ಷಗಟ್ಟಲೆ ಸಾಲ ಮಾಡಿ ಕೊಳ್ಳುವಾಗ ಯಾಕೆ ಮಂಕಾಗುತ್ತೆ? ಕೊಂಡ ಟ್ರ್ಯಾಕ್ಟರು ಹೊಲಕ್ಕೆ ಎಷ್ಟು ಹೋಗುತ್ತೋ, ಮನೆ ಮುಂದೆಯೂ ಅಷ್ಟೇ ನಿಲ್ಲುತ್ತೆ. ಮೈಲಾರದ ಜಾತ್ರೆಗೂ ಹೋಗುತ್ತೆ, ಬೀಗರ ಊರಿಗೂ ಹೋಗುತ್ತೆ. ಅದು ದುಡಿಮೆಯ ಸಾಮಾನೂ ಹೌದು, ಮರ್ಯಾದೆಯ ಸಾಮಾನೂ ಹೌದು. ಮರ್ಯಾದೆಗೆ ಬಣ್ಣ ಬೇಕು, ಅದನ್ನು ನಾನು ಹಗುರಾಗಿ ಕಾಣೋದಿಲ್ಲ. ಮರ್ಯಾದೆಯ ಲೆಕ್ಕವನ್ನು ದುಡಿಮೆಯ ಲೆಕ್ಕಕ್ಕೆ ಸೇರಿಸಿ ಕಂತು ಕಟ್ಟೋಕೆ ಕೂತಾಗ ಮಾತ್ರ ಕಷ್ಟ.

ಟ್ರ್ಯಾಕ್ಟರಿನ ಬಣ್ಣ ಕಂಪನಿಯ ಗುರುತನ್ನಾದರೂ ಹೇಳುತ್ತೆ. ಕೈ ಸಾಮಾನಿನ ಬಣ್ಣ ಎಷ್ಟೋ ಸಲ ಹೇಳೋದಕ್ಕಿಂತ ಮುಚ್ಚಿಡೋದೇ ಹೆಚ್ಚು. ಸಲಿಕೆಯ ಕೊಳವೆಗೂ ತಗಡಿಗೂ ನಡುವಿನ ಬೆಸುಗೆ ಅರ್ಧಂಬರ್ಧ ಬಿದ್ದಿದ್ದರೆ ಅದರ ಮೇಲೆ ದಪ್ಪಗೆ ಒಂದು ಕೈ ಪೇಂಟ್ ಎಳೆದರೆ ಮುಗೀತು. ಮರದ ಕಾವಿನ ಗಂಟು, ಸೀಳು, ಅಡ್ಡ ನಾರು ಎಲ್ಲ ಅದರ ಕೆಳಗೆ ಮಾಯ. ಇದು ನಮ್ಮ ಹಳ್ಳಿಯ ಅನುಮಾನ ಮಾತ್ರ ಅಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ, ಕಟ್ಟಡ ಕೆಲಸದ ಮರದ ಏಣಿಗಳಿಗೆ ಒಳಗಿನ ಮರ ಕಾಣದಂಥ ಬಣ್ಣ ಬಳಿಯಬಾರದು ಅಂತಲೇ ನಿಯಮ ಮಾಡಿದೆ. ಗುರುತಿನ ಚೀಟಿಗೆ ಒಂದು ಪಕ್ಕದಲ್ಲಿ ಜಾಗ ಬಿಟ್ಟಿದೆ, ಅಷ್ಟೇ. ಕಾರಣ ಸರಳ: ಬಣ್ಣದ ಕೆಳಗಿನ ಬಿರುಕು ಕಾಣೋದು ಏಣಿ ಮುರಿದ ಮೇಲೆ. ನಮ್ಮ ಹಿರಿಯರು ಕರಿಜಾಲಿಯ ಕಾವಿಗೆ ಎಣ್ಣೆ ಉಜ್ಜುತ್ತಿದ್ದರು. ಎಣ್ಣೆ ಹಚ್ಚಿದರೆ ನಾರು ಇನ್ನೂ ಚೆನ್ನಾಗಿ ಕಾಣುತ್ತೆ. ಪೇಂಟು ಹಚ್ಚಿದರೆ ಏನೂ ಕಾಣೋದಿಲ್ಲ.

ಕಬ್ಬಿಣಕ್ಕೆ ಬಣ್ಣ ಬೇಕು, ತುಕ್ಕು ಹಿಡಿಯೋದಿಲ್ವಾ ಅಂತ ನೀವು ಕೇಳಬಹುದು. ಸರಿ. ಆದರೆ ಮಣ್ಣಿಗೆ ಬಿದ್ದ ಅಂಚಿನ ಪೇಂಟು ಎರಡು ದಿನ ನಿಲ್ಲೋದಿಲ್ಲ, ಮಣ್ಣೇ ಅದನ್ನು ಉಜ್ಜಿ ಬೆಳ್ಳಗೆ ಮಾಡುತ್ತೆ. ಉಳಿದ ಭಾಗಕ್ಕೆ ತುಕ್ಕು ತಡೆಯೋ ಕೆಲಸವನ್ನು ವೆಲ್ಡಿಂಗ್ ಅಂಗಡಿಯ ರೆಡ್ ಆಕ್ಸೈಡ್ ಸುಮ್ಮನೆ ಮಾಡುತ್ತೆ. ಸಪ್ಪೆ ಕೆಂಪು, ಯಾರೂ ಮೆಚ್ಚಿ ಆರಿಸೋ ಬಣ್ಣ ಅಲ್ಲ. ತಮಾಷೆ ಅಂದರೆ ಕೂಡ್ಲಿಗಿ ಕಡೆಯ ಮಸಾರಿ ನೆಲದ ಕೆಂಪಿಗೂ, ಹಳೇ ಸಲಿಕೆಯ ತುಕ್ಕಿಗೂ, ಆ ಡಬ್ಬಿಯ ಬಣ್ಣಕ್ಕೂ ಕಾರಣ ಒಂದೇ, ಕಬ್ಬಿಣದ ಆಕ್ಸೈಡು. ನೆಲದ ಬಣ್ಣವನ್ನೇ ಬಳಿದುಕೊಂಡು ನೆಲದಿಂದ ಬಚಾವಾಗೋ ಉಪಾಯ ಅದು.

ಇಲ್ಲಿಗೆ ಬಣ್ಣ ಬರೀ ಮೋಸ ಅಂತ ತೀರ್ಪು ಕೊಟ್ಟು ಏಳಬಹುದಿತ್ತು. ಕುಲುಮೆಗೆ ಹೋಗಿ ಕೂತರೆ ಆ ತೀರ್ಪು ನಿಲ್ಲೋದಿಲ್ಲ. ಅಲ್ಲಿ ಬಣ್ಣವೇ ಎಲ್ಲ. ಕಮ್ಮಾರ ಕುಲುಮೆಯನ್ನು ಮಾಡಿನ ಕೆಳಗೆ ನೆರಳಲ್ಲಿ ಹೂಡೋದು ತಂಪಿಗೆ ಅಂತ ಮಾತ್ರ ತಿಳಿಯಬೇಡಿ. ಬಿಸಿಲಲ್ಲಿ ಕಾದ ಕಬ್ಬಿಣದ ಕೆಂಪು ಕಣ್ಣಿಗೆ ಸರಿಯಾಗಿ ಸಿಗೋದಿಲ್ಲ. ಮಬ್ಬು ಕೆಂಪು, ಕೆಂಡದ ಕೆಂಪು, ಕಿತ್ತಳೆ, ಹಳದಿ ಹೀಗೆ ಒಂದೊಂದು ಬಣ್ಣವೂ ಒಂದೊಂದು ಕಾವು. ಥರ್ಮಾಮೀಟರ್ ಇಲ್ಲದ ಕಡೆ ಬಣ್ಣವೇ ಥರ್ಮಾಮೀಟರು. ಲಾರಿಯ ಹಳೇ ಕಮಾನುಪಟ್ಟಿಯನ್ನು ಕಾಯಿಸಿ, ಬಡಿದು, ಕುಡುಗೋಲು ಮಾಡಿ, ನೀರಿಗೆ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತೆ, ಗಾಜಿನಂತೆ ಮುರಿಯೋಕೂ ತಯಾರಾಗಿರುತ್ತೆ. ಆಮೇಲೆ ಅಂಚನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಬೇಕು. ಆಗ ಬೆಳ್ಳಗಿನ ಉಕ್ಕಿನ ಮೇಲೆ ಬಣ್ಣಗಳು ತಾವಾಗಿ ಓಡುತ್ತವೆ. ಹೆಚ್ಚುಕಮ್ಮಿ 220-230 ಡಿಗ್ರಿಗೆ ಒಣಗಿದ ಜೋಳದ ಸೊಪ್ಪೆಯ ಬಣ್ಣ, ಆಮೇಲೆ ಬೆಲ್ಲದ ಬಣ್ಣ, 280ರ ಹತ್ತಿರ ಬದನೆಕಾಯಿ ಬಣ್ಣ, 300ರ ಹತ್ತಿರ ನವಿಲಿನ ಕುತ್ತಿಗೆಯ ನೀಲಿ.

ಇದು ಯಾರೂ ಹಚ್ಚಿದ ಬಣ್ಣ ಅಲ್ಲ. ಕಾವಿಗೆ ಉಕ್ಕಿನ ಮೇಲೆ ಕಟ್ಟೋ ತೆಳು ಪೊರೆಯ ದಪ್ಪ ಹೆಚ್ಚಿದಂತೆ ಬೆಳಕು ಅದರಲ್ಲಿ ಬೇರೆ ಬೇರೆ ಥರ ಆಟ ಆಡುತ್ತೆ, ಸೋಪಿನ ಗುಳ್ಳೆಯ ಮೇಲೆ ಆಡೋ ಹಾಗೆ. ಸೊಪ್ಪೆ ಬಣ್ಣದಲ್ಲಿ ನಿಲ್ಲಿಸಿದರೆ ಅಂಚು ಹರಿತ ಉಳಿಸಿಕೊಳ್ಳುತ್ತೆ, ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತೆ. ನೀಲಿಗೆ ಬಿಟ್ಟರೆ ಪೆಟ್ಟು ತಡೆಯುತ್ತೆ, ಹರಿತ ಬೇಗ ಹೋಗುತ್ತೆ. ಹುಲ್ಲು ಕೊಯ್ಯೋ ಕುಡುಗೋಲಿಗೆ ಒಂದು ಹದ, ಕೂಡ್ಲಿಗಿಯ ಗರಸು ನೆಲ ಅಗೆಯೋ ಗುದ್ದಲಿಗೆ ಇನ್ನೊಂದು ಹದ. ಈ ಬಣ್ಣ ಓದೋಕೆ ಬರೋ ಕಣ್ಣುಗಳು ನಮ್ಮ ಊರುಗಳಲ್ಲಿ ಕಡಿಮೆ ಆಗ್ತಾ ಇವೆ. ಹಚ್ಚಿದ ನೀಲಿಗೆ ಕೊಡೋ ದುಡ್ಡು, ಕಾಸಿದ ನೀಲಿಗೆ ಕೊಡೋಕೆ ನಾವು ಹಿಂದೆಮುಂದೆ ನೋಡ್ತೀವಿ. ಕುಡುಗೋಲು ಹಣಿಸೋಕೆ ಹೋದಾಗ ಕಮ್ಮಾರನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡೋರು, ಪ್ಲಾಸ್ಟಿಕ್ ಹಿಡಿಯ ಹೊಳಪಿಗೆ ಐವತ್ತು ಹೆಚ್ಚಿಗೆ ಕೊಟ್ಟು ಬರ್ತಾರೆ.

ಅಂಗಡಿಯ ಬಣ್ಣಕ್ಕೂ ಒಂದು ನ್ಯಾಯವಾದ ಕೆಲಸ ಇದೆ ಅಂತ ಒಪ್ಪಬೇಕು: ಕಳೆದದ್ದು ಸಿಗೋದು. ಶೇಂಗಾ ಕೀಳೋ ಹೊತ್ತಿನಲ್ಲಿ ಬಳ್ಳಿ ರಾಶಿಯೊಳಗೆ ಕುರ್ಪಿ ಒಂದು ಸೇರಿಕೊಂಡರೆ ಸಿಗೋದು ಕಷ್ಟ. ಆದರೆ ಅದಕ್ಕೂ ನೆಲ ನೋಡಿ ಬಣ್ಣ ಆರಿಸಬೇಕಲ್ವಾ? ಮಸಾರಿ ನೆಲದಲ್ಲಿ ಕೆಂಪು ಹಿಡಿ ಬಿದ್ದರೆ ವಾರದಲ್ಲಿ ಮಣ್ಣಿನಲ್ಲಿ ಮಣ್ಣು. ಅಲ್ಲಿ ನೀಲಿ ಎದ್ದು ಕಾಣುತ್ತೆ. ಎದೆಮಟ್ಟ ಬೆಳೆದ ಮೆಕ್ಕೆಜೋಳದಲ್ಲಿ ಹಸಿರು ಹಿಡಿಯ ಕುಡುಗೋಲು ಕಳೆದರೆ ದೇವರೇ ಗತಿ, ಅಲ್ಲಿ ಕಿತ್ತಳೆ ಬೇಕು. ಎರೆ ಹೊಲದಲ್ಲಿ ಕಪ್ಪು ಬಿಟ್ಟು ಯಾವುದಾದರೂ ಸರಿ. ಇಷ್ಟಕ್ಕೆಲ್ಲ ಹೊಸ ಸಾಮಾನು ಕೊಳ್ಳಬೇಕಿಲ್ಲ, ಕಾವಿನ ತುದಿಗೆ ಹಳೇ ಸೀರೆಯ ಒಂದು ಚೂರು ಸುತ್ತಿದರೂ ಸಾಕು. ಇನ್ನು ರಾತ್ರಿಯ ಮಾತು. ಪಂಪ್‌ಸೆಟ್ಟಿಗೆ ಕರೆಂಟು ಸರಿರಾತ್ರಿ ಬಂದಾಗ ಸಲಿಕೆ ಹಿಡಿದು ನೀರು ತಿರುವೋಕೆ ಹೋಗೋರಿಗೆ, ಹಡಗಲಿಯಲ್ಲಿ ನಸುಕಿಗೆ ಎದ್ದು ಮಲ್ಲಿಗೆ ಮೊಗ್ಗು ಬಿಡಿಸೋರಿಗೆ ಯಾವ ಬಣ್ಣವೂ ಇಲ್ಲ. ಆಗ ಕೈಗೆ ತಿಳಿಯೋದು ತೂಕ, ಉದ್ದ, ಹಿಡಿತ. ಅದಕ್ಕೇ ನಾನು ಹೇಳೋದು, ಅಂಗಡಿಯಲ್ಲಿ ಒಂದು ಸಲ ಕಣ್ಣು ಮುಚ್ಚಿ ಸಲಿಕೆ ಎತ್ತಿ ನೋಡಿ. ಎರಡು ಸಲಿಕೆಯ ನಡುವಿನ ವ್ಯತ್ಯಾಸ ಆಗ ಗೊತ್ತಾಗುತ್ತೆ.

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ನಷ್ಟದ ಮಾತು. ಪ್ರಾಣದ ಮಾತು ಬೇರೆ ಇದೆ.

ಎಣ್ಣೆ ಹೊಡೆಯೋ ಸ್ಪ್ರೇಯರ್ ಕೊಳ್ಳುವಾಗ ಟ್ಯಾಂಕಿನ ಬಣ್ಣ ನೋಡ್ತೀವಿ. ಅದಕ್ಕೆ ಸುರಿಯೋ ಔಷಧಿಯ ಡಬ್ಬಿಯ ಮೇಲೆ ಒಂದು ಬಣ್ಣ ಇರುತ್ತೆ, ಅದನ್ನು ನೋಡೋದಿಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ಮೂಲೆ ಮೇಲಾಗಿ ನಿಂತ ಒಂದು ಚೌಕ ಇರಲೇಬೇಕು. ಅದರ ಕೆಳಗಿನ ಅರ್ಧ, ಅಂದರೆ ತ್ರಿಕೋನ, ನಾಲ್ಕರಲ್ಲಿ ಒಂದು ಬಣ್ಣದ್ದು. ಕೆಂಪು ಅತಿ ಘೋರ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಕೊನೆಗೆ ಹಸಿರು. ಇದಕ್ಕೊಂದು ಅಳತೆ ಇದೆ. ಪ್ರಯೋಗದ ಪ್ರಾಣಿಗಳಿಗೆ ತಿನ್ನಿಸಿದಾಗ ಅವುಗಳಲ್ಲಿ ಅರ್ಧದಷ್ಟು ಸಾಯೋಕೆ ಬೇಕಾದ ಪ್ರಮಾಣ ಮೈತೂಕದ ಕಿಲೋ ಒಂದಕ್ಕೆ 50 ಮಿಲಿಗ್ರಾಮಿನೊಳಗೆ ಇದ್ದರೆ ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದಕ್ಕೂ ಮೇಲಾದರೆ ಹಸಿರು. ಮೋನೋಕ್ರೋಟೋಫಾಸ್ ಡಬ್ಬಿಯ ಮೇಲಿದ್ದದ್ದು ಕೆಂಪು.

ಈ ನಾಲ್ಕು ಬಣ್ಣ ಓದೋಕೆ ಶಾಲೆ ಕಲಿತಿರಬೇಕಿಲ್ಲ. ಆದರೂ ಕೆಂಪು ಸಿಕ್ಕರೆ “ಇದು ಸ್ಟ್ರಾಂಗ್ ಐತಿ, ಹುಳ ಬೇಗ ಸಾಯ್ತಾವ” ಅಂತಲೂ, ಹಸಿರು ಸಿಕ್ಕರೆ “ಇದೇನೂ ಮಾಡಂಗಿಲ್ಲ ಬಿಡು” ಅಂತಲೂ ಅರ್ಥ ಮಾಡಿಕೊಳ್ಳೋರೇ ಹೆಚ್ಚು. ಎರಡೂ ತಪ್ಪು. ಕೆಂಪು ಹೇಳ್ತಾ ಇರೋದು ಹುಳದ ಸುದ್ದಿ ಅಲ್ಲ, ನಮ್ಮ ಸುದ್ದಿ. ಹಸಿರು ಅಂದರೆ ಬೆಳೆಗೆ ಒಳ್ಳೇದು ಅಂತಲ್ಲ, ನಾಲ್ಕರಲ್ಲಿ ಕಡಿಮೆ ವಿಷ, ಹುಷಾರಾಗಿರಿ ಅಂತ. 2018ರಲ್ಲಿ ದೇಶದಲ್ಲೇ ಮೊದಲು ಕರ್ನಾಟಕದ ಮೆಕ್ಕೆಜೋಳದಲ್ಲಿ ಫಾಲ್ ಆರ್ಮಿವರ್ಮ್ ಅನ್ನೋ ಸೈನಿಕ ಹುಳು ಕಾಣಿಸಿಕೊಂಡ ಮೇಲೆ, ಎಣ್ಣೆ ಹೊಡೆಯೋ ಅಭ್ಯಾಸ ಅಷ್ಟಾಗಿ ಇಲ್ಲದ ಮೆಕ್ಕೆಜೋಳದ ಹೊಲಕ್ಕೂ ಟ್ಯಾಂಕು ಹೊತ್ತು ಇಳಿಯೋದು ಶುರುವಾಯಿತು. ಮೆಕ್ಕೆಜೋಳವನ್ನೇ ನಂಬಿದ ಹರಪನಹಳ್ಳಿ, ಕೊಟ್ಟೂರಿನ ಕಡೆ ಈ ತ್ರಿಕೋನ ಓದೋಕೆ ಬರೋದು ಟ್ರ್ಯಾಕ್ಟರಿನ ಬಣ್ಣ ಗುರುತಿಸೋದಕ್ಕಿಂತ ಎಷ್ಟೋ ಮುಖ್ಯ.

ಬಿತ್ತನೆ ಮೆಕ್ಕೆಜೋಳಕ್ಕೆ ಗುಲಾಬಿಯೋ ಕೆಂಪೋ ಬಣ್ಣ ಹಚ್ಚಿರೋದೂ ಅಂದಕ್ಕಲ್ಲ. ಔಷಧಿ ಸವರಿದೆ, ತಿನ್ನಬೇಡಿ, ಕೋಳಿಗೆ ಹಾಕಬೇಡಿ ಅಂತ ಹೇಳೋಕೆ. ಕರೆಂಟಿನ ವೈರೂ ಹಾಗೇ. ಪಂಪ್‌ಸೆಟ್ಟಿಗೆ ಬರೋ ಮೂರು ಫೇಸಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲ್ ಕಪ್ಪು, ಅರ್ಥಿಂಗ್ ಹಸಿರು. ಎರಡು ಫೇಸು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತೆ, ಅದನ್ನು ಸರಿ ಮಾಡಬಹುದು. ಕೈಗೆ ಸಿಕ್ಕ ಹಸಿರು ವೈರಿನ ತುಂಡಿಗೆ ಫೇಸ್ ಕೊಟ್ಟು ಹೋದರೆ, ಅದು ಅರ್ಥಿಂಗ್ ಅಂತ ನಂಬಿ ಮುಂದೆ ಕೈ ಹಾಕಿದವನ ಗತಿ? ವೈರಿನ ಬಣ್ಣ ಅಂದರೆ ಒಬ್ಬ ಮೆಕ್ಯಾನಿಕ್ ತಾನು ಎಂದೂ ನೋಡದ ಇನ್ನೊಬ್ಬ ಮೆಕ್ಯಾನಿಕ್‌ಗೆ ಕೊಟ್ಟ ಮಾತು.

ಬಣ್ಣಗುರುಡು ಇರೋರ ಮಾತನ್ನೂ ಮರೆಯಬಾರದು. ಕೆಂಪು-ಹಸಿರು ಬೇರೆ ಬೇರೆ ಅಂತ ಕಾಣದಿರೋ ತೊಂದರೆ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ನಮ್ಮಲ್ಲಿ ಎಣ್ಣೆ ಹೊಡೆಯೋರು, ವೈರು ಕೂಡಿಸೋರು ಹೆಚ್ಚಾಗಿ ಗಂಡಸರೇ. ಕೆಂಪು ತ್ರಿಕೋನದ ಮೇಲೆ ತಲೆಬುರುಡೆಯ ಚಿತ್ರವನ್ನೂ ಹಾಕಿರೋದರಿಂದ ಅಂಥವರಿಗೂ ಒಂದು ಗುರುತು ಸಿಗುತ್ತೆ. ಆ ಚಿತ್ರದ ಮೇಲೆ ಎಮ್ಮಾರ್ಪಿ ಚೀಟಿ ಅಂಟಿಸೋ ಅಂಗಡಿಯವರು ಇದನ್ನು ಒಂಚೂರು ಯೋಚಿಸಲಿ.

ಹಾಗಾದರೆ ಸಾಮಾನು ಆರಿಸೋಕೆ ಬಣ್ಣ ಎಷ್ಟು ಮುಖ್ಯ? ನನ್ನ ಲೆಕ್ಕ ಇಷ್ಟು. ಮಾರೋಕೆ ಹಚ್ಚಿದ ಬಣ್ಣಕ್ಕೆ ಕೊನೆಯ ಜಾಗ ಕೊಡಿ. ಕಾವು, ವಿಷ, ಕರೆಂಟು ಇಂಥದ್ದನ್ನು ಹೇಳೋ ಬಣ್ಣಕ್ಕೆ ಮೊದಲ ಜಾಗ ಕೊಡಿ. ಮನೆಯಲ್ಲೂ ಒಂದು ಬಣ್ಣವನ್ನು ವಿಷಕ್ಕೇ ಅಂತ ಮೀಸಲಿಡಬಹುದು. ಔಷಧಿ ಕಲಸೋ ಬಕೆಟ್ಟು ಕೆಂಪಾದರೆ ಮನೆಯಲ್ಲಿ ಬೇರೆ ಯಾವ ಕೆಂಪು ಬಕೆಟ್ಟೂ ಇರಬಾರದು. ಕುಡಿಯೋ ನೀರಿಗೂ ಇಲ್ಲ, ಎಮ್ಮೆ ಕಲಗಚ್ಚಿಗೂ ಇಲ್ಲ. ನೂರು ರೂಪಾಯಿ ಬಕೆಟ್ಟಿನಲ್ಲಿ ಬಣ್ಣ ಇಷ್ಟು ದೊಡ್ಡ ಕೆಲಸ ಮಾಡುತ್ತೆ. ಲಕ್ಷದ ಟ್ರ್ಯಾಕ್ಟರಿನಲ್ಲಿ ಅದರ ಕಾಲುಭಾಗವನ್ನೂ ಮಾಡೋದಿಲ್ಲ.

ಕೊನೆಯ ಮಾತು, ಆರಿಸೋರು ಯಾರು ಅಂತ. ಶೇಂಗಾದಲ್ಲಿ, ಈರುಳ್ಳಿಯಲ್ಲಿ ಕೂತು ಕಳೆ ತೆಗೆಯೋರು ಹೆಂಗಸರು. ಕುರ್ಪಿ ತರೋಕೆ ಪ್ಯಾಟಿಗೆ ಹೋಗೋರು ಗಂಡಸರು. ಎರಡು ತಾಸು ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕಿದ ಕೈಗೆ ಹಿಡಿ ದಪ್ಪ ಆಯ್ತೋ ಸಣ್ಣ ಆಯ್ತೋ, ಮಣಿಕಟ್ಟು ಎಷ್ಟು ತಿರುಚಬೇಕಾಯ್ತು ಅಂತ ಗೊತ್ತಿರುತ್ತೆ. ಆ ಕೈಯನ್ನು ಅಂಗಡಿಗೆ ಕರೆದುಕೊಂಡು ಹೋಗದೆ, ಕಣ್ಣೊಂದನ್ನೇ ಕರೆದುಕೊಂಡು ಹೋಗ್ತೀವಿ. ಕಣ್ಣು ಪಾಪ ಏನು ಮಾಡುತ್ತೆ, ತನಗೆ ಗೊತ್ತಿರೋದನ್ನೇ ಆರಿಸುತ್ತೆ. ಈ ಸಲ ಮುಂಗಾರಿಗೆ ಸಾಮಾನು ತರೋಕೆ ಹೊರಟಾಗ ಮನೆಯ ಅಕ್ಕನನ್ನೋ ಅವ್ವನನ್ನೋ ಜೊತೆಗೆ ಕರೆದುಕೊಂಡು ಹೋಗಿ. “ಯಾವ ಕಲರ್ ಕೊಡ್ಲಿ” ಅಂತ ಅಂಗಡಿಯವನು ಕೇಳಿದರೆ ಅವರು ಬಹುಶಃ ಹೀಗನ್ನಬಹುದು: “ಕಲರ್ ಇರ್ಲಿ ಯಪ್ಪಾ, ಕೈಗೆ ಕೊಡು ನೋಡಾಣ.”